ಸಡಿಲ ಮುಚ್ಚಳ

ಜಗತ್ತಿನ ದೊಡ್ಡ ವಿಚಾರಗಳೆಲ್ಲ ಸ್ವಲ್ಪ ಹೊತ್ತು ಹೊರಗೆ ಕಾಯಲಿ. ಈಗ ಒಂದು ಮುಚ್ಚಳದ ವಿಷಯ ಇತ್ಯರ್ಥವಾಗಬೇಕಿದೆ.

ಆ ದರ್ಜಿಯ ಮನೆಯಲ್ಲಿ ಯಾವ ಮುಚ್ಚಳವೂ ಬಿಗಿಯಾಗಿರುತ್ತಿರಲಿಲ್ಲ. ಸಕ್ಕರೆ ಡಬ್ಬಿ, ಎಣ್ಣೆ ಬಾಟಲಿ, ಗುಂಡಿಗಳ ಡಬ್ಬಿ ಎಲ್ಲವನ್ನೂ ದರ್ಜಿ ಬೆಳಿಗ್ಗೆ ಎದ್ದವನೇ ಸಡಿಲಿಸಿ ಇಡುತ್ತಿದ್ದ.

"ಮುಚ್ಚಳ ಹಾಕೋದೂ ಬರಲ್ವಲ್ರೀ ನಿಮ್ಗೆ" ಎಂದು ಹೆಂಡತಿ ಬೈಯುತ್ತಿದ್ದಳು.

"ಮರೆತೆ ಕಣೇ."

ವಿಷಯ ಇಬ್ಬರಿಗೂ ಗೊತ್ತಿತ್ತು. ಸಂಧಿವಾತದಿಂದ ಅವಳ ಬೆರಳಿನ ಗಂಟುಗಳು ಬಾತು ಎರಡು ವರ್ಷವಾಗಿತ್ತು. ಬೆಳಿಗ್ಗೆ ಹತ್ತರವರೆಗೆ ಮಡಚಲಾಗುತ್ತಿರಲಿಲ್ಲ. ಅಂಗಿಗೆ ಕಾಜಾ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಈಗ ದಿನಕ್ಕೆ ನಾಲ್ಕು ಕಾಜಾ ಆದರೆ ಹೆಚ್ಚು.

ಒಂದು ದಿನ ಆಸ್ಪತ್ರೆಯ ನರ್ಸಮ್ಮ ಬಂದರು. ಈ ಕಾಯಿಲೆಯ ಹೊಸ ಮಾತ್ರೆಯೊಂದರ ಮೇಲೆ ಸಂಶೋಧನೆ ನಡೆಯಲಿದೆ, ಇಷ್ಟವಿದ್ದರೆ ಸೇರಬಹುದು ಎಂದರು.

"ಇಲಿ ಸಿಗಲಿಲ್ವಾ ಸಿಸ್ಟರ್?" ದರ್ಜಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಇಲಿ ಹತ್ರ ಯಾರೂ ಒಪ್ಪಿಗೆ ಕೇಳಲ್ಲ ಯಜಮಾನ್ರೇ. ಅಕ್ಕನ್ನ ಕೇಳ್ತಿದೀನಿ. ಈ ಕಾಗದ ಇಟ್ಕೊಳ್ಳಿ, ನಿಮ್ಮ ಡಾಕ್ಟರಿಗೂ ತೋರಿಸಿ. ಬೇಡ ಅಂದ್ರೆ ಈಗಿನ ಚಿಕಿತ್ಸೆ ಹಾಗೇ ನಡೆಯುತ್ತೆ. ಸೇರಿದ ಮೇಲೂ ಯಾವಾಗ ಬೇಕಾದ್ರೂ ಬಿಡಬಹುದು."

"ವಾಸಿ ಆಗುತ್ತಾ?" ಎಂದಳು ಹೆಂಡತಿ.

"ಮಾತು ಕೊಡಲ್ಲ ಅಕ್ಕ. ಗೊತ್ತಿದ್ದಿದ್ರೆ ಸಂಶೋಧನೆ ಯಾಕೆ? ತೊಂದರೆಯೂ ಆಗಬಹುದು. ಏನೇನು ಅಂತ ಇದರಲ್ಲಿದೆ, ಓದಿ ಹೇಳ್ತೀನಿ."

"ಬೇಡ. ಇರೋ ಕೈಯೂ ಹೋದ್ರೆ?" ದರ್ಜಿಯ ಮಾತು ಗಡುಸಾಗಿ ಹೊರಟು ಕೊನೆ ಮುಟ್ಟುವಷ್ಟರಲ್ಲಿ ಮೆತ್ತಗಾಗಿತ್ತು.

ನರ್ಸಮ್ಮ ಮಾತ್ರೆ ತುಂಬಿಕೊಡುವ ಖಾಲಿ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟರು. ಒತ್ತಿ ತಿರುಗಿಸಬೇಕಾದ ಮುಚ್ಚಳ. ಹೆಂಡತಿ ಒತ್ತಿದಳು, ಬಟ್ಟೆ ಚೂರು ಸುತ್ತಿ ತಿರುಗಿಸಿದಳು. ಕದಲಲಿಲ್ಲ.

"ಇದನ್ನ ಯಾರು ಆರಿಸಿದ್ದು ಸಿಸ್ಟರ್?"

"ಕೈ ನೋಯದೇ ಇರೋರು," ನರ್ಸಮ್ಮ ಒಪ್ಪಿಕೊಂಡರು. "ಇಲ್ಲಿವರೆಗೆ ಸೇರಿದವರೂ ಒಂದೇ ಥರದವರು. ಆಸ್ಪತ್ರೆ ಪಕ್ಕದಲ್ಲೇ ಮನೆ, ಬೆಳಿಗ್ಗೆ ಎಂಟಕ್ಕೆ ತಪಾಸಣೆಗೆ ಬರಬಲ್ಲವರು."

ಯಂತ್ರ ನಿಂತಿತು. "ಒಬ್ಬನ ಅಳತೆ ತಗೊಂಡು ಊರಿಗೆಲ್ಲ ಅಂಗಿ ಹೊಲಿಯೋದು ಅನ್ನಿ," ಎಂದ ದರ್ಜಿ.

"ಎಂಟಕ್ಕೆ ನನ್ನ ಬೆರಳೇ ಎದ್ದಿರಲ್ಲ," ಎಂದಳು ಹೆಂಡತಿ. "ಹನ್ನೊಂದಕ್ಕಾದ್ರೆ ಬರ್ತೀನಿ. ಈ ಮುಚ್ಚಳ ಬದಲಾಯಿಸಿ." ಗಂಡನ ಕಡೆ ತಿರುಗಿದಳು. "ಎಲ್ಲರ ಮನೇಲೂ ಮರೆವಿನ ಗಂಡ ಇರ್ತಾನೇನ್ರೀ?"

ದರ್ಜಿ ಸೂಜಿಗೆ ದಾರ ಪೋಣಿಸತೊಡಗಿದ. ಸೂಜಿಯಲ್ಲಿ ಆಗಲೇ ದಾರವಿತ್ತು.

ಅವರ ಡಾಕ್ಟರನ್ನೂ ಕೇಳಿ, ಮೂರು ದಿನ ಯೋಚಿಸಿ ಅವಳು ಸಹಿ ಹಾಕಿದಳು. ಪೆನ್ನಿನ ಮುಚ್ಚಳ ತೆಗೆದುಕೊಟ್ಟವನು ದರ್ಜಿ.

ಓದುತ್ತಿರುವವರೇ, ನಿಮ್ಮನ್ನೂ ಇಂಥ ಸಂಶೋಧನೆಗೆ ಕರೆದರೆ ಓಡಬೇಡಿ, ಕಣ್ಣು ಮುಚ್ಚಿ ಹೂಂ ಎನ್ನಲೂ ಬೇಡಿ. ಅಪಾಯವೇನು, ಖರ್ಚು ಯಾರದು, ತೊಂದರೆಯಾದರೆ ಯಾರನ್ನು ಕರೆಯಬೇಕು ಎಂದು ಕೂತು ಕೇಳಿ. ಆಮೇಲೆ ಹೂಂ, ಊಹೂಂ ನಿಮ್ಮದೇ. ಹೊತ್ತು, ದಾರಿ, ಮುಚ್ಚಳ, ಅಡ್ಡಿ ಯಾವುದಿದ್ದರೂ ಹೇಳಿಬಿಡಿ. ನಿಮ್ಮ ಅಳತೆ ನೀವು ಕೊಡದಿದ್ದರೆ ಇನ್ನೊಬ್ಬರದನ್ನು ತೊಡಬೇಕಾಗುತ್ತದೆ.

ಮಾತ್ರೆಯ ಫಲ ತಿಳಿಯಲು ಇನ್ನೂ ಒಂದು ವರ್ಷ ಬೇಕು. ಮುಚ್ಚಳ ಬದಲಾಯಿತು.