ಗಿಡಗಳು ಹಿಡಿದ ಮರಳು

"ಕೊಡೆ ಮುಚ್ಚಬೇಡ ಲಾನ್!" ಗುಂಡಿಯೊಳಗಿಂದ ಅಣ್ಣ ಕೂಗಿದ. "ಅಮ್ಮ ಯಾವ ಗಳಿಗೇಲಿ ಸಿಗ್ತಾಳೋ ಏನೋ."

ಎರಡೂ ಕೈಯಲ್ಲಿ ಹಿಡಿದೆ. ಗಾಳಿ ಕೊಡೆಯ ಹೊಟ್ಟೆಗೆ ನುಗ್ಗಿ ನನ್ನನ್ನೇ ಎಳೆಯುತ್ತಿತ್ತು. ಸಮಾಧಿಯಿಂದ ಮೇಲೆತ್ತಿದ ಎಲುಬಿಗೆ ಬಿಸಿಲು ತಾಗಬಾರದು, ಅದಕ್ಕೇ ಕಪ್ಪು ಕೊಡೆ. ಸುತ್ತಿ ಒಯ್ಯಲು ಕೆಂಪು ಬಟ್ಟೆ. ಅದು ಅಪ್ಪನ ಮಡಿಲಲ್ಲಿತ್ತು. ಮೂರು ಗಾಲಿಯ ಗಾಡಿಯ ಮೇಲೆ ರಜಾಯಿ ಹೊದ್ದು ಕೂತ ಅಪ್ಪ, ಸಲಿಕೆ ಏಳುವುದನ್ನೂ ಬೀಳುವುದನ್ನೂ ನೋಡುತ್ತಿದ್ದ. ಪಕ್ಕದಲ್ಲಿ, ಸತ್ತವರಿಗೆ ದಾರಿ ತೋರಿಸಲೆಂದು ತಂದ, ಕಾಲು ಕಟ್ಟಿದ ಹುಂಜ.

ಅಗೆದಷ್ಟೂ ಮರಳು ಜಾರಿ ಗುಂಡಿ ತುಂಬಿಕೊಳ್ಳುತ್ತಿತ್ತು. ಬೆಳಗಿನಿಂದ ಇದು ಮೂರನೆಯದು.

"ಪಟ್ಟಣದ ಕೈ," ಅಂದ ಕೌ ಚಿಕ್ಕಪ್ಪ, ಅಣ್ಣನತ್ತ ಬಗ್ಗಿ. "ಶೌತ್ಯಾನ್, ಸಲಿಕೆನ ಚಮಚ ಹಿಡ್ದಂಗೆ ಹಿಡೀತೀಯಲ್ಲೋ. ಮರಳಿಗೆ ಕಚಗುಳಿ ಇಡ್ತಿದೀಯಾ?"

"ನೀನೇ ಇಳಿ ಚಿಕ್ಕಪ್ಪಾ, ತೋರ್ಸು."

"ನಾನು ಇಳಿದ್ರೆ ನನ್ನನ್ನ ಮೇಲೆತ್ತೋಕೆ ಇನ್ನೊಂದು ಕೆಂಪು ಬಟ್ಟೆ ಬೇಕಾಗ್ತದೆ."

ಅಪ್ಪನ ಬಾಯಿ ಸ್ವಲ್ಪ ಓರೆಯಾಯಿತು. ನಕ್ಕನೋ ಕೆಮ್ಮು ತಡೆದನೋ ತಿಳಿಯಲಿಲ್ಲ.

ನಮ್ಮ ಹಳೆಯ ಊರು ಮೂರುಬಾವಿಯಲ್ಲಿ ಈಗ ಉಳಿದಿರುವುದು ಕೌ ಚಿಕ್ಕಪ್ಪ ಮತ್ತು ಅವನ ಕುರಿಗಳು. ನಮ್ಮನ್ನೆಲ್ಲ ಹೆದ್ದಾರಿಯ ಪಕ್ಕದ ಸಾಲುಮನೆಗಳಿಗೆ ಸಾಗಿಸಿ ಬಹಳ ಕಾಲವಾಯಿತು. ಅಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ. ಅಪ್ಪ ನಲ್ಲಿ ತಿರುಗಿಸಿದಾಗಲೆಲ್ಲ ಒಮ್ಮೆ ಹಿಂದೆ ತಿರುಗಿ ನೋಡುತ್ತಾನೆ, ಯಾರಾದರೂ ಬೈಯುತ್ತಾರೇನೋ ಎಂಬಂತೆ. ಅವನ ಶ್ವಾಸಕೋಶದ ಬಗ್ಗೆ ವೈದ್ಯರು ಹೇಳಿದ್ದನ್ನು ಅಣ್ಣ ಅವನಿಗೆ ಹೇಳಿರಲಿಲ್ಲ. ಅಪ್ಪ ಕೇಳಿರಲೂ ಇಲ್ಲ. ಕೇಳಿದ್ದು ಒಂದೇ: "ಅವಳನ್ನ ಇಲ್ಲಿಗೆ ತನ್ನಿ. ಪಕ್ಕದಲ್ಲಿ ಮಲಗ್ತೀನಿ." ಹೊಸ ಊರಿನ ಸ್ಮಶಾನದಲ್ಲಿ ಇಬ್ಬರಿಗಾಗುವಷ್ಟು ಜಾಗ ಗುರುತು ಹಾಕಿಸಿಯೂ ಆಗಿತ್ತು.

ಬರುವ ದಾರಿಯುದ್ದಕ್ಕೂ ಅವನು ನನಗೆ ತಿರುವುಗಳನ್ನು ಬಾಯಿಪಾಠ ಮಾಡಿಸಿದ್ದ. ಸತ್ತವರನ್ನು ಕರೆದೊಯ್ಯುವಾಗ ಪ್ರತಿ ತಿರುವಿನಲ್ಲೂ ಕೂಗಿ ಹೇಳಬೇಕು. ಇಲ್ಲದಿದ್ದರೆ ಅವರು ದಾರಿಯಲ್ಲೇ ಉಳಿದುಬಿಡುತ್ತಾರೆ. ಅಮ್ಮಾ, ಒಣಗಿದ ಕಾಲುವೆ ದಾಟ್ತಿದೀವಿ, ಬಾ. ಅಮ್ಮಾ, ಕರಬೂಜ ತೂಗುತ್ತಿದ್ದ ಕಟ್ಟೆ, ಬಾ. ಅಮ್ಮಾ, ಶಾಲೆ. ಶಾಲೆ ಮರಳಲ್ಲಿ ಮುಳುಗಿ ಈಗ ಬಾವುಟದ ಕಂಬದ ತುದಿ ಮಾತ್ರ ಕಾಣುತ್ತದೆ. "ಅದನ್ನೂ ಕೂಗು," ಅಂದಿದ್ದ ಅಪ್ಪ. "ಅವಳಿಗೆ ಕಂಬದ ಗುರುತಿದೆ."

"ಬೇರು!" ಎಂದ ಅಣ್ಣ.

ಅಪ್ಪ ರಜಾಯಿ ಸರಿಸಿ ಎದ್ದೇಬಿಟ್ಟ. ನಾನು ಕೊಡೆಯನ್ನು ಗುಂಡಿಯ ಮೇಲೆ ಬಾಗಿಸಿದೆ. ಅಣ್ಣ ಮೊಣಕಾಲೂರಿ ಕೈಯಿಂದ ತೋಡಿದ. ಬೂದುಬಣ್ಣದ ತಿರುಚಿದ ಬೊಡ್ಡೆ. ಮರಳುಗಾಡಿನ ಸುವೊಸುವೊ ಗಿಡದ್ದು.

"ನಾನು ನೆಟ್ಟಿದ್ದೇ," ಅಂದ ಅಪ್ಪ. "ಸಮಾಧಿಯ ನಾಲ್ಕು ಮೂಲೆಗೆ ನಾಲ್ಕು. ಅದರ ಬುಡದಿಂದ ಒಳಕ್ಕೆ ತೋಡು ಮಗಾ, ಅವಳ ತಲೆ ಅಲ್ಲೇ ಇರ್ತದೆ."

ಅಣ್ಣ ಬೊಡ್ಡೆ ಹಿಡಿದು ಎಳೆದ. ಅದು ಸುಮ್ಮನೆ ಕೈಗೆ ಬಂತು. ಕೆಳಗೆ ಏನೂ ಇರಲಿಲ್ಲ; ಬೇರು ಮೊಳದುದ್ದಕ್ಕೆ ಮುರಿದುಹೋಗಿತ್ತು.

ಕೌ ಚಿಕ್ಕಪ್ಪ ಅಪ್ಪನತ್ತ ತಿರುಗಿ ತಲೆ ಆಡಿಸಿದ. "ಅಣ್ಣಾ, ಇದು ಉರುಳಿ ಬಂದಿರೋದು. ಸತ್ತ ಗಿಡ ಗಾಳಿ ಹೇಳಿದ ಕಡೆ ಹೋಗ್ತದೆ. ಎಲ್ಲಿಂದ ಬಂತೋ."

ಹೊಲದ ಅಂಚಿಗೆ ಸುವೊಸುವೊ ನೆಟ್ಟರೆ ಮರಳು ಅಂಚಿನಲ್ಲೇ ನಿಲ್ಲುತ್ತದೆ. ನಮ್ಮೂರಿನ ಮಕ್ಕಳಿಗೂ ಗೊತ್ತು. ಅಮ್ಮನ ಸಮಾಧಿಯನ್ನು ಗಾಳಿ ಕೆರೆದು ಬತ್ತಲೆ ಮಾಡೀತೆಂದು ಅಪ್ಪ ಅದರ ಸುತ್ತ ನೆಟ್ಟ. ಎರಡು ಬೇಸಿಗೆ ಹೆಗಲ ಮೇಲೆ ನೀರು ಹೊತ್ತ, ತನ್ನ ಕುಡಿಯುವ ನೀರಿನಿಂದ ಉಳಿಸಿ. ಊರವರು ಅವನನ್ನು ಹೊಗಳಿದರು. ಕೆಲವರು ತಮ್ಮವರಿಗೂ ನೆಟ್ಟರು. ಗಿಡ ಮರಳು ಹಿಡಿಯಿತು. ಗಿಡ ತಲೆಯೆತ್ತಿದಷ್ಟೂ ಮರಳೂ ಏರಿತು, ಸಮಾಧಿಯ ಮೇಲೆ ಮನೆಯೆತ್ತರದ ದಿಬ್ಬವಾಯಿತು. ಆಮೇಲೆ ಬಾವಿ ಬತ್ತಿತು, ಗಿಡ ಸತ್ತಿತು, ಹಿಡಿತ ಬಿಟ್ಟ ದಿಬ್ಬ ನಡೆಯತೊಡಗಿತು. ಈಗ ಕಣ್ಣು ಹಾಯಿಸಿದಲ್ಲೆಲ್ಲ ದಿಬ್ಬ. ಯಾವುದು ನಮ್ಮದು?

"ಆ ಕಡೆ ಅಗೀಲಾ ಅಪ್ಪಾ?" ಅಣ್ಣ ಕೇಳಿದ. ಅವನ ಅಂಗೈಯಲ್ಲಿ ಬೊಕ್ಕೆ ಒಡೆದಿತ್ತು.

ಅಪ್ಪ ತಲೆಯೆತ್ತಿ ನೋಡಿದ. ವಾಯವ್ಯದ ಆಕಾಶ ಹಳದಿಯಾಗುತ್ತಿತ್ತು. ಹುಂಜ ರೆಕ್ಕೆಯೊಳಗೆ ತಲೆ ಹುದುಗಿಸಿತು.

ಕೌ ಚಿಕ್ಕಪ್ಪ ದಿಬ್ಬ ಇಳಿದು ನಮ್ಮ ಹಳೆಯ ಮನೆಯತ್ತ ಹೋದ. ವಾಪಸು ಬಂದಾಗ ಅವನ ಕೈಯಲ್ಲಿ ಒಂದು ಇಟ್ಟಿಗೆಯಿತ್ತು. ಒಂದು ಮಗ್ಗುಲು ಮಸಿಗಟ್ಟಿತ್ತು.

"ನಿಮ್ಮ ಮಲಗೋ ಜಗಲಿದು," ಅಂದ. "ಚಳೀಲಿ ಕೆಳಗೆ ಬೆಂಕಿ ಹಾಕ್ತಿದ್ರಲ್ಲ, ಆ ಮೂಲೆದು. ಅತ್ತಿಗೆ ಮಲಗ್ತಿದ್ದ ಕಡೆ." ಸ್ವಲ್ಪ ಹೊತ್ತು ಅದರ ಧೂಳು ಒರೆಸಿದ. "ಸಿಗದಿದ್ದೋರಿಗೆ ಎಲ್ಲ ಹಿಂಗೇ ಮಾಡೋದು ಅಣ್ಣಾ. ಲೂ ಮನೆಯೋರೂ ಮಾಡಿದ್ರು, ಶೆನ್ ಮನೆಯೋರೂ ಮಾಡಿದ್ರು. ಇದರ ಮೇಲೆ ಹೆಸರು ಬರೆದು, ಮೂರು ಸಲ ಕೂಗಿ, ಕೆಂಪು ಬಟ್ಟೇಲಿ ಸುತ್ತಿ ಹೊರಟುಬಿಡಿ. ಬರ್ತಾಳೆ. ಗಾಳಿ ಹೊಡೆಯೋಕೆ ಮುಂಚೆ ಹೆದ್ದಾರಿ ಸೇರ್ಕೊಳ್ಳಿ."

"ಅದೇ ಸರಿ," ಅಂದ ಅಣ್ಣ ಬೇಗನೆ. ಗುಂಡಿಯಿಂದ ಹತ್ತಿ ಬಂದ. "ಅಪ್ಪಾ, ಹೆಸರು ನಾನು ಬರೀತೀನಿ. ಲಾನ್, ಕೊಡೆ ಇತ್ತ ಹಿಡಿ."

ಹಿಡಿದೆ. ಕಾಲುವೆ, ಕಟ್ಟೆ, ಕಂಬ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳತೊಡಗಿದ್ದೆ.

ಅಪ್ಪ ಇಟ್ಟಿಗೆಯನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ನೋಡಿದ. ಮಸಿಯ ಮಗ್ಗುಲನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಉಸಿರೆಳೆದ. ಕೆಮ್ಮು ಬಂತು. ಕೆಮ್ಮು ಮುಗಿಯುವವರೆಗೂ ಇಟ್ಟಿಗೆ ಅವನ ಎದೆಗೊತ್ತಿಕೊಂಡೇ ಇತ್ತು. ಕೆಂಪು ಬಟ್ಟೆ ಗಾಳಿಗೆ ಹಾರಿತು. ಅದನ್ನು ಹಿಡಿಯಲು ಅವನು ಕೈ ಚಾಚಲಿಲ್ಲ.

"ಈ ಮರಳನ್ನ ಅವಳ ಮೇಲೆ ಹೇರಿದೋನು ನಾನು," ಅಂದ.

"ಅದಕ್ಕೇ ಅಣ್ಣಾ, ಇದನ್ನಾದರೂ..." ಕೌ ಚಿಕ್ಕಪ್ಪ ಶುರುಮಾಡಿದ.

ಅಪ್ಪ ಇಟ್ಟಿಗೆಯನ್ನು ಕೌ ಚಿಕ್ಕಪ್ಪನ ಕೈಯಲ್ಲಿ ವಾಪಸು ಇಟ್ಟ.

"ಬೇಡ. ಅವಳಿರೋದು ಈ ಮರಳಿನಡಿ, ಇಟ್ಟಿಗೇಲಲ್ಲ. ತಗೊಂಡು ಹೋಗಿ ಇದ್ದ ಜಾಗದಲ್ಲೇ ಇಡು."