ರಕಿಯಾ ಕಾಲುಚೀಲ ಮತ್ತು ಯಾಗೊದಾಳ ಜ್ವರ

ಭಾನುವಾರದ ಸೂಪ್ ಇನ್ನೂ ಒಲೆಯ ಮೇಲಿತ್ತು. ಯಾಗೊದಾಳ ಮೈ ಬಿಸಿಯಾಯಿತು. ಅಕ್ಕ ಕಾತಾ ಉಣ್ಣೆಯ ಕಾಲುಚೀಲಗಳನ್ನು ಪ್ಲಮ್ ಹಣ್ಣಿನ ರಕಿಯಾದಲ್ಲಿ ಅದ್ದಿ, ಹಿಂಡಿ, ತಂಗಿಯ ಪಾದಗಳಿಗೆ ತೊಡಿಸಿದಳು. ಸ್ಲಾವೋನಿಯಾ ಸೀಮೆಯ ಅವರ ಊರಲ್ಲಿ ಯಾರಿಗೆ ಜ್ವರ ಬಂದರೂ ಈ ಸಾರಾಯಿಯೇ ಮೊದಲ ಮದ್ದು.

ಆ ವಾಸನೆಗೆ ಯಾಗೊದಾ ಕಣ್ಣು ಮುಚ್ಚಿದಳು. ಅಮ್ಮ ಹೀಗೆಯೇ ಪಾದ ಹಿಡಿದು ಕೂರುತ್ತಿದ್ದಳು. ಅಂಗಳದಲ್ಲಿ ಹೊಸ ರಕಿಯಾ ಬಟ್ಟಿ ಇಳಿಯುತ್ತಿದ್ದರೂ, ಗಂಡಸರು ಕೂಗಿ ಕರೆದರೂ ಏಳುತ್ತಿರಲಿಲ್ಲ. ಮದುವೆಯಾದ ಮೇಲೆ ಮನೆಯವರೆಲ್ಲರ ಜ್ವರಕ್ಕೂ ಪಕ್ಕದಲ್ಲಿ ಕೂತವಳು ಯಾಗೊದಾ. ಅವಳ ಪಾದವನ್ನು ಮತ್ತೆ ಯಾರೂ ಹಿಡಿದಿರಲಿಲ್ಲ.

ಅವಳಿಗಿದ್ದದ್ದು ರಕ್ತದ ಕ್ಯಾನ್ಸರ್. ಕಳೆದ ವಾರ ಜಾಗ್ರೆಬ್‌ನ ಆಸ್ಪತ್ರೆಯಲ್ಲಿ ಕಾರ್-ಟಿ ಎಂಬ ಹೊಸ ಚಿಕಿತ್ಸೆಯಾಗಿತ್ತು. ಹತ್ತಿರವೇ ಇರಬೇಕೆಂದು ಅಕ್ಕತಂಗಿಯರು ಪಕ್ಕದ ಬೀದಿಯಲ್ಲಿ ಕೋಣೆ ಹಿಡಿದಿದ್ದರು. ಜ್ವರ ಬಂದರೆ ತಕ್ಷಣ ಫೋನ್ ಮಾಡಬೇಕೆಂದು ಡಾಕ್ಟರ್ ಹೇಳಿದ್ದು ಯಾಗೊದಾಳಿಗೆ ನೆನಪಿತ್ತು. ಆದರೂ ಅಕ್ಕನ ಕೈ ಇನ್ನೊಂದು ಗಳಿಗೆ ಪಾದದ ಮೇಲೆ ಹೀಗೇ ಇರಲಿ ಎಂದು ಸುಮ್ಮನಾದಳು.

ಕೆಳಮನೆಯ ಮಿರ್ಯಾನ ಕೇಕ್ ಹಿಡಿದು ಬಂದಳು. ಹೋದ ವರ್ಷ ಅವಳ ಗಂಡನಿಗೂ ಇದೇ ಚಿಕಿತ್ಸೆಯಾಗಿತ್ತು. ಬಾಗಿಲಲ್ಲೇ ಮೂಗು ಅರಳಿಸಿದಳು.

"ಏನೇ ಕಾತಾ, ಊಟಕ್ಕೆ ಮುಂಚೆನೇ ಶುರು ಹಚ್ಕೊಂಡ್ಯಾ?"

"ಕುಡೀತಿರೋದು ನಾನಲ್ಲ ಮಾರಾಯ್ತಿ, ಇವಳ ಪಾದ! ಒಂಚೂರು ಜ್ವರ."

ಮಿರ್ಯಾನಳ ನಗು ನಿಂತಿತು. "ಆಸ್ಪತ್ರೆಗೆ ಫೋನ್ ಮಾಡಿದ್ರಾ?"

"ಭಾನುವಾರ ಅಲ್ಲಿ ಯಾರಿರ್ತಾರೆ? ಇವಳ ರಕ್ತಾನೇ ತೆಗೆದು ಇವಳಿಗೇ ಕೊಟ್ಟಿದ್ದಾರೆ. ಅದರಿಂದ ಏನಾಗತ್ತೆ?"

"ಬರೀ ರಕ್ತ ಅಲ್ಲ ಕಣೇ. ಮೈ ಕಾಯೋ ಕಣಗಳನ್ನ ಹೊರಗೆ ತೆಗೆದು, ಕ್ಯಾನ್ಸರ್ ಗುರುತು ಹಿಡಿಯೋ ಹಾಗೆ ಮಾರ್ಪಡಿಸಿ ವಾಪಸ್ ಬಿಟ್ಟಿದ್ದಾರೆ. ಅವು ಒಳಗೆ ಜಗಳಕ್ಕೆ ಬಿದ್ರೆ ಜ್ವರ ಬರತ್ತೆ. ಜಗಳ ಕೈಮೀರಿದ್ರೆ ರಕ್ತದೊತ್ತಡ ಬೀಳತ್ತೆ, ಉಸಿರಾಡೋಕೆ ಕಷ್ಟ ಆಗತ್ತೆ, ಮಾತೂ ತಪ್ಪತ್ತೆ. ಅದನ್ನ ತಣಿಸೋ ಔಷಧಿ ಇರೋದು ಆಸ್ಪತ್ರೇಲಿ. ನಿನ್ನ ಕಾಲುಚೀಲ ಚರ್ಮ ತಣ್ಣಗೆ ಮಾಡತ್ತೆ, ಅಷ್ಟೇ."

"ಅಮ್ಮ ನಮ್ಮನ್ನೆಲ್ಲ ಹೀಗೇ ಬದುಕಿಸ್ಲಿಲ್ವಾ?"

"ನಿಮ್ಮಮ್ಮನ ಕಾಲದಲ್ಲಿ ಇಂಥ ಜ್ವರ ಎಲ್ಲಿತ್ತೇ?" ಮಿರ್ಯಾನ ಮೇಜಿನ ಮೇಲಿನ ಚಮಚ ಎತ್ತಿ ಹಿಡಿದಳು. "ಯಾಗೊದಾ, ಇದೇನು ಹೇಳಮ್ಮ."

ಯಾಗೊದಾ ನೋಡಿದಳು. ಅದರಿಂದ ಏನು ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಹೆಸರು ಮಾತ್ರ ನಾಲಿಗೆಗೆ ಬರಲಿಲ್ಲ. "ಅದು... ಅಮ್ಮಂದು," ಎಂದಳು.

ಕಾತಾಳ ಮುಖ ಬಿಳಿಚಿತು. ಅವಳೇ ಫೋನ್ ಎತ್ತಿಕೊಂಡಳು. ಭಾನುವಾರವಾದರೂ ಅತ್ತಲಿಂದ ದನಿ ಕೇಳಿತು: "ತಕ್ಷಣ ಕರ್ಕೊಂಡು ಬನ್ನಿ."

ಯಾಗೊದಾಳನ್ನು ದಾಖಲು ಮಾಡಿಕೊಂಡು ಔಷಧಿ ಕೊಟ್ಟರು. ಜ್ವರ ಇಳಿಯಿತು, ಕೆಲವು ದಿನಗಳಲ್ಲಿ ಮಾತೂ ನೆಟ್ಟಗಾಯಿತು. ಕ್ಯಾನ್ಸರ್ ಎಷ್ಟು ಹೋಗಿದೆ ಎಂಬುದನ್ನು ಮುಂದಿನ ಪರೀಕ್ಷೆಗಳು ಹೇಳಬೇಕು. "ಸ್ವಲ್ಪ ತಡ ಮಾಡಿದ್ರೆ?" ಎಂದು ಕಾತಾ ಕೇಳಿದಾಗ ಡಾಕ್ಟರ್ ಆಸ್ಪತ್ರೆಯ ಫೋನ್ ನಂಬರನ್ನು ದೊಡ್ಡದಾಗಿ ಬರೆದು ಅವಳ ಕೈಗಿತ್ತರು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಈ ಚಿಕಿತ್ಸೆ ಎಲ್ಲರಿಗೂ ಒಗ್ಗುವುದಿಲ್ಲ. ನಿಮ್ಮವರಿಗೆ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಚಿಕಿತ್ಸೆ ಆದ ಮೇಲೆ ಜ್ವರ ಬಂದರೆ, ಮಾತು ತಡವರಿಸಿದರೆ, ಮನೆಮದ್ದಿಗೆ ಕೈ ಹಾಕದೆ ಆ ಕ್ಷಣವೇ ಆಸ್ಪತ್ರೆಗೆ ತಿಳಿಸಿ. ಆರೈಕೆ ಮಾಡಿ ಮುದ್ದಿಸಲು ಆಮೇಲೆ ಬೇಕಾದಷ್ಟು ದಿನಗಳು ಸಿಗಲಿ.