ಮುಚ್ಚಿ ಬಿಡೂಣು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಅಡ್ಯಾರ್ ಸೇತುವೆಯ ನಟ್ಟನಡುವೆ ರಾಯರ ಕಾರು ಹೊಗೆ ಕಾರಿತು. ಸಣ್ಣ ಹೊಗೆಯಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬಸ್ಸಿಲ್ಲ, ಆಟೋ ಇಲ್ಲ, ಸೇತುವೆಯೂ ಇಲ್ಲ. ಬರೀ ನೀಲಿ ಹೊಗೆ. ಅದರೊಳಗಿಂದ ಸ್ಕೂಟರಿನವನೊಬ್ಬ ಕೆಮ್ಮುತ್ತ ಬಂದು, ನನ್ನ ಕಿಟಕಿ ಬಡಿದು, ನನ್ನ ಹೆತ್ತವರನ್ನೆಲ್ಲ ನೆನೆಸಿ ಹೋದ. ಬೈಗುಳದ ತಮಿಳು ನನಗೆ ಚೆನ್ನಾಗಿ ತಿಳಿಯುತ್ತದೆ. ನಾನೂ ಕಲಬುರ್ಗಿ ಕನ್ನಡದಲ್ಲಿ ಎರಡು ಮಾತು ಹೆಚ್ಚಾಗಿಯೇ ಕೊಟ್ಟೆ.

"ಏನಪ್ಪಾ ಮುರಿಗೆಪ್ಪ, ಸೊಳ್ಳೆಗೆ ಹೊಗೆ ಹೊಡಿಯೋ ವಂಡಿ ಆಗ್ಬಿಟ್ಟಿದೆಯೇ ನಮ್ಮದು?" ಎಂದರು ಹಿಂದಿನ ಸೀಟಿನಿಂದ ಮಧ್ವರಾಜ ರಾಯರು. ವಂಡಿ ಎಂದರೆ ಗಾಡಿ. ಅವರ ಮನೆತನ ನಾಲ್ಕು ತಲೆಮಾರಿನಿಂದ ಮದ್ರಾಸಿನದು. ಕನ್ನಡದ ನಡುವೆ ತಮಿಳು ನುಸುಳಿದ್ದು ಅವರಿಗೇ ಗೊತ್ತಾಗುವುದಿಲ್ಲ.

ನನಗೆ ನಗು ಬರಲಿಲ್ಲ. ಗುರುವಾರ ಆರ್‌ಟಿಓ ಆಫೀಸಿನಲ್ಲಿ ಕಾರಿನ ತಪಾಸಣೆ. ಅದಕ್ಕೆ ಹದಿನೈದು ವರ್ಷ ತುಂಬಿತ್ತು, ನಾಲ್ಕು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರ್ ಓಡಿತ್ತು. ಪಾಸಾದರೆ ಇನ್ನೈದು ವರ್ಷ ರಸ್ತೆಯ ಮೇಲೆ, ಇಲ್ಲದಿದ್ದರೆ ಗುಜರಿ. ಈ ಕಾರು ಹೋದರೆ ಹೊಸದು ಬೇಡ, ಫೋನಿನಲ್ಲಿ ಟ್ಯಾಕ್ಸಿ ಕರೆಸಿದರಾಯಿತು ಎಂದು ರಾಯರ ಮಗ ಅನಿಕೇತ್ ಆಗಲೇ ಹೇಳಿಬಿಟ್ಟಿದ್ದ. ರಾಯರು ಮಾತ್ರ "ಕಾರು ಇರೋ ತನಕ ಮುರಿಗೆಪ್ಪ ಇರ್ತಾನೆ" ಎಂದಿದ್ದರು. ಒಳ್ಳೆಯ ಮಾತೇ. ಆದರೆ ಕಾರು ಹೋದ ದಿನ ನಾನೂ ಹೋಗಬೇಕು ಅನ್ನುವುದೂ ಅದೇ ಮಾತಿನಲ್ಲಿತ್ತು. ನಾನು, ನನ್ನ ಹೆಂಡತಿ ಜಗದೇವಿ, ಮಗಳು ಬಿಂದು, ಮೂವರೂ ಇರುವುದು ನುಂಗಂಬಾಕ್ಕಂನಲ್ಲಿ ರಾಯರ ಮನೆಯ ಹಿಂದಿನ ಔಟ್‌ಹೌಸಿನಲ್ಲಿ.

ಹನ್ನೊಂದು ವರ್ಷ ನಾನೇ ಓಡಿಸಿದ ಜರ್ಮನಿಯ ಡೀಸೆಲ್ ಕಾರು ಅದು. ತಪಾಸಣೆಗೆಂದು ಎರಡು ತಿಂಗಳಿಂದ ಅದರ ಸೇವೆಯೇ ನಡೆದಿತ್ತು. ಒಳಚಾವಣಿಯ ಬಟ್ಟೆ ಜೋತುಬಿದ್ದು ರಾಯರ ತಲೆಗೆ ತಾಗುತ್ತಿತ್ತು. ಬಿಚ್ಚಿ ಹೊಸ ಬಟ್ಟೆ ಅಂಟಿಸಿದೆ. ಹಳದಿಯಾಗಿದ್ದ ಹೆಡ್‌ಲೈಟುಗಳನ್ನು ಉಜ್ಜಿ ಉಜ್ಜಿ ಗಾಜಿನಂತೆ ಮಾಡಿದೆ. ಮುಂದಿನ ಚಕ್ರಗಳ ಬುಷ್ ಬದಲಾಯಿಸಿದ ಮೇಲೆ ಹಂಪ್ ಹತ್ತಿ ಇಳಿದರೆ ಕಟಕಟ ಸದ್ದೇ ಇಲ್ಲ. "ನನ್ನ ಮಂಡಿ ನೋವಿಗೂ ಒಂದು ಬುಷ್ ಹಾಕಿಸ್ರೀ" ಎಂದು ಜಗದೇವಿ ಚುಚ್ಚಿದ್ದಳು.

ಈ ಎಲ್ಲ ಕೆಲಸದ ಗುರು ಏಳುಮಲೈ. ರೈಲು ಬೋಗಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು. ಪೆರಂಬೂರಿನ ಗಲ್ಲಿಯೊಂದರಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದಾನೆ. ನನ್ನ ತಮಿಳು ಕೇಳಿದರೆ ತನಗೆ ಹಲ್ಲು ನೋಯುತ್ತದೆ ಎಂದು ಅವನೇ ನನ್ನಿಂದ ಕನ್ನಡ ಕಲಿತ. ಕಲಿತದ್ದು ನನ್ನ ಕಲಬುರ್ಗಿ ಕನ್ನಡ: ಮಾಡೂಣು, ಹೋಗೂಣು, ನೋಡೂಣು. ಅದರ ತುಂಬ ತಮಿಳಿನ ಚೂರುಗಳು.

ಕೊನೆಗೆ ಉಳಿದದ್ದು ಒಂದೇ ಕೆಲಸ. ಎಂಜಿನ್ನಿನ ಮೇಲಿಂದ ಗಾಳಿ ಎಳೆಯುವ ಕೊಳವೆಗೆ ಹೋಗುವ ಒಂದು ಕಪ್ಪು ಪೈಪು ಎಣ್ಣೆ ಜಿಡ್ಡಿನಿಂದ ಕಟ್ಟಿತ್ತು. ಅಷ್ಟರಲ್ಲಿ ಏಳುಮಲೈ ಮಗಳ ಸೀಮಂತಕ್ಕೆ ಊರಿಗೆ ಹೋದ. ಭಾನುವಾರ ಅವನ ದನಿ ಸಂದೇಶ ಬಂದಾಗ ನಾನು ಪೆಟ್ರೋಲ್ ಬಂಕಿನ ಗದ್ದಲದಲ್ಲಿದ್ದೆ. ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ. ಆ ಕರಿ ಪೈಪು ಬಿಚ್ಚು, ಡೀಸೆಲಿನಲ್ಲಿ ತೊಳಿ, ಆಮೇಲೆ ಮುಚ್ಚಿ ಬಿಡೂಣು, ಮರೀಬೇಡ ಎಂದಿದ್ದ.

ಹಾಗೇ ಮಾಡಿದೆ. ಪೈಪು ಬಿಚ್ಚಿ, ತೊಳೆದು, ಬಟ್ಟೆ ಸುತ್ತಿ ಡಿಕ್ಕಿಯಲ್ಲಿಟ್ಟೆ. ಪೈಪು ಕೂರುತ್ತಿದ್ದ ಎರಡೂ ಬಾಯಿಗೆ ರಬ್ಬರ್ ಮುಚ್ಚಳ ಒತ್ತಿ, ಕ್ಲಿಪ್ ಹಾಕಿ ಬಿಗಿದೆ. ಹಳೆಯ ಗಾಡಿಗಳಲ್ಲಿ ಇಂಥ ಒಂದೊಂದು ದಾರಿಯನ್ನು ಗ್ಯಾರೇಜಿನವರು ಮುಚ್ಚಿಹಾಕುವುದುಂಟು. ನನಗೆ ಅನುಮಾನವೇ ಬರಲಿಲ್ಲ. ಮೇಲೆ ಪ್ಲಾಸ್ಟಿಕ್ ಹೊದಿಕೆ ಕೂರಿಸಿದೆ. ಮರುದಿನವೇ ಸೇತುವೆಯ ಮೇಲೆ ಈ ಹೊಗೆ.

ಮಂಗಳವಾರ ಎರಡು ದೊಡ್ಡ ಗ್ಯಾರೇಜಿಗೆ ಒಯ್ದೆ. ಒಂದು ಕಡೆ ಕಂಪ್ಯೂಟರ್ ಚುಚ್ಚಿ ನೋಡಿದರು, ಇನ್ನೊಂದು ಕಡೆ ಹೊಗೆ ಮೂಸಿ ನೋಡಿದರು. ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಎತ್ತಲಿಲ್ಲ. ಇಬ್ಬರದೂ ಒಂದೇ ಮಾತು: ಎಂಜಿನ್ ಸತ್ತಿದೆ. ಅಷ್ಟು ಹೊತ್ತಿಗೆ ಎಣ್ಣೆ ಅಳೆಯುವ ಕಡ್ಡಿ ತಾನಾಗಿ ಮೇಲೆದ್ದು ಬರುತ್ತಿತ್ತು, ಎಂಜಿನ್ನಿನ ಕೆಳಗೆಲ್ಲ ಎಣ್ಣೆ ಒಸರುತ್ತಿತ್ತು.

ಸಂಜೆ ಏಳುಮಲೈಗೆ ಫೋನು ಹಚ್ಚಿದೆ.

"ಏನು ಮಾಡಿಟ್ಟೀಯೋ ಕಳ್ಳಾ ನನ್ನ ಗಾಡಿಗೆ? ನಿನ್ನ ಬೋಗಿ ರಿಪೇರಿ ಬುದ್ಧಿ ತಂದು ಜರ್ಮನ್ ಎಂಜಿನ್ನಿಗೆ ಹಚ್ಚಿದ್ಯಾ?"

"ಅಣ್ಣಾ, ನಾ ಊರಾಗ ಇದ್ದೀನಿ. ಏನಾತು, ಸೊಲ್ಲು."

"ನೀ ಹೇಳಿದಂಗೇ ಮಾಡೀನಿ, ಎಂಜಿನ್ ಹೋತು! ಇನ್ನು ನಿನ್ನ ಮುಖ ನೋಡಂಗಿಲ್ಲ."

"ಇಪ್ಪತ್ತೆಂಟು ವರ್ಷದ ಕೆಲಸದಾಗ ಯಾರೂ ನನ್ನ ಕಳ್ಳ ಅಂದಿಲ್ಲ" ಎಂದು ಹೇಳಿ ಕಟ್ ಮಾಡಿದ.

ಬುಧವಾರ ಬೆಳಿಗ್ಗೆ ರಾಯರೇ ಔಟ್‌ಹೌಸಿನ ತನಕ ನಡೆದು ಬಂದರು. "ಪೋಗಟ್ಟುಂ, ಹೋಗಲಿ ಬಿಡಪ್ಪಾ. ಅದಕ್ಕೂ ವಯಸ್ಸಾಯ್ತು, ನನಗೂ ಆಯ್ತು. ಅನಿಕೇತ್ ಗುಜರಿಯವನ ಕೈಲಿ ಮಾತಾಡ್ತಾನಂತೆ" ಎಂದರು. ನನ್ನ ಮುಖ ನೋಡದೆ, ತುಳಸಿ ಗಿಡ ನೋಡುತ್ತ ಹೇಳಿದರು. ಅವರು ಹೋದ ಮೇಲೆ ಒಳಗೆ ಬಂದು ಕೂಗಾಡಿದೆ.

"ಎಲ್ಲಾ ಆ ಏಳುಮಲೈನಿಂದ! ಅವನಽ ಹೇಳ್ಯಾನ. ಸುಳ್ಳಂದ್ರ ಕೇಳ್ರಿ, ಫೋನಿನಾಗ ಇನ್ನೂ ಐತಿ." ಸಂದೇಶವನ್ನು ಜೋರಾಗಿ ಹಾಕಿದೆ.

ಕಾಲೇಜಿಗೆ ಹೊರಟಿದ್ದ ಬಿಂದು ಬಾಗಿಲಲ್ಲೇ ನಿಂತಳು. ಇಲ್ಲೇ ಓದಿ ಬೆಳೆದ ಹುಡುಗಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ.

"ಅಪ್ಪಾ, ಇನ್ನೊರು ತಡವೆ ಪೋಡು." ಇನ್ನೊಮ್ಮೆ ಹಾಕು ಎಂದಳು. ಹಾಕಿದೆ. ಅವಳು ಚೀಲ ಕೆಳಗಿಟ್ಟಳು.

"ಅಯ್ಯೋ, ಮುಚ್ಚಿ ಇಲ್ಲಪ್ಪಾ! ಮೂಚ್ಚು! ಮೂಚ್ಚು ವಿಡಣುಂ! ಅದು ತಮಿಳು ಪಾ!"

"ಅಂದ್ರ? ಕನ್ನಡದಾಗ ಹೇಳವ್ವ."

ಅವಳಿಗೆ ಕನ್ನಡದ ಮಾತು ಹೊಳೆಯಲಿಲ್ಲ. ಮೂಗು ಹಿಡಿದುಕೊಂಡು ಕಣ್ಣು ಮೇಲೆ ಮಾಡಿದಳು, ಬಿಟ್ಟು ಎದೆ ಉಬ್ಬಿಸಿ ತೋರಿಸಿದಳು.

ಒಲೆಯ ಮುಂದಿದ್ದ ಜಗದೇವಿ ತಿರುಗಿ ನೋಡಿದಳು. "ಉಸಿರಾಡಬೇಕು ಅಂದಾನ್ರೀ ಅವ. ಅದು ಉಸಿರಾಡೋ ಪೈಪು."

ನಾನು ಮೂರನೇ ಸಲ ಕೇಳಿದೆ. 'ಅಪ್ಪುರಂ ಮೂಚ್ಚು ವಿಡಣುಂ, ಮರೀಬೇಡ.' ಈಗ ದೀರ್ಘವೂ ಕೇಳಿಸಿತು, ತಮಿಳೂ ಕೇಳಿಸಿತು. ಉಸಿರಾಡಲಿ ಎಂದು ಅವನು ಹೇಳಿದ್ದಕ್ಕೆ ನಾನು ಬಾಯಿ ಮೂಗು ಎರಡೂ ಬಿಗಿದು ಕಾರನ್ನು ಎರಡು ದಿನ ಓಡಿಸಿದ್ದೆ.

ಓಡಿಹೋಗಿ ಬಾನೆಟ್ ಎತ್ತಿದೆ. ಎಂಜಿನ್ ಚಾಲೂ ಮಾಡಿ ಕ್ಲಿಪ್ ಸಡಿಲಿಸಿದ್ದೇ ತಡ, ರಬ್ಬರ್ ಮುಚ್ಚಳ ಬುಸ್ಸೆಂದು ಹಾರಿ ಕಾಂಪೌಂಡ್ ಗೋಡೆಗೆ ಬಡಿಯಿತು. ಎಂಜಿನ್ ಆರಿಸಿ, ಇನ್ನೊಂದು ಮುಚ್ಚಳವನ್ನೂ ಕಿತ್ತು, ತೊಳೆದಿಟ್ಟ ಪೈಪನ್ನು ಮತ್ತೆ ಹಾಕಿದೆ. ಎಣ್ಣೆ ಕಡ್ಡಿ ಇದ್ದಲ್ಲೇ ಉಳಿಯಿತು. ಆದರೆ ಹೊಗೆ ನಿಲ್ಲಲಿಲ್ಲ. ಒಳಗೆ ಇನ್ನೇನು ಹಾಳಾಗಿದೆಯೋ ನನಗೆ ತಿಳಿಯದು. ತಿಳಿದವನನ್ನು ನಾನು ಕಳ್ಳ ಅಂದಿದ್ದೆ. ಫೋನು ಮಾಡಿದೆ. ಎತ್ತಲಿಲ್ಲ. ಊರಿಂದ ಬಂದಿರಬಹುದು ಎಂದು ಕಾರು ಹತ್ತಿದೆ.

ಪೆರಂಬೂರು ತಲುಪುವಾಗ ಹತ್ತು ಗಂಟೆ. ಏಳುಮಲೈ ಅದೇ ತಾನೇ ಊರಿಂದ ಬಂದು ಶೆಡ್ಡಿನ ಬೀಗ ತೆಗೆಯುತ್ತಿದ್ದ. ನನ್ನನ್ನು ನೋಡಿಯೂ ನೋಡದವನಂತೆ ಬಾಗಿಲು ಸರಿಸಿದ.

"ಏಳುಮಲೈ, ತಪ್ಪು ನಂದಽ. ನೀ ಮೂಚ್ಚು ಅಂದಿ, ನಾ ಮುಚ್ಚು ಅಂತ ಕೇಳಿಸ್ಕೊಂಡೆ. ಬಿಂದು ಹೇಳಿದ ಮ್ಯಾಲೆ ತಿಳೀತು. ಪೈಪು ಕಿತ್ತು ಎರಡೂ ಬಾಯಿ ಮುಚ್ಚಿದ್ದೆ. ಬೈಯೋದಿದ್ರ ಬೈ, ಆದ್ರ ಗಾಡಿ ನೋಡು. ನಾಳೆ ತಪಾಸಣೆ ಐತಿ."

ಅವನು ನನ್ನನ್ನೂ ಕಾರನ್ನೂ ನೋಡಿದ. "ಮುಚ್ಚಿದಿಯಾ? ರೆಂಡೂ ಮುಚ್ಚಿದಿಯಾ?" ಎಂದ. ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ. ನಕ್ಕು ನಕ್ಕು ಟೈರಿನ ಮೇಲೆ ಕುಳಿತ. ನನಗೆ ಸಿಟ್ಟು ನೆತ್ತಿಗೇರಿತು, ಆದರೂ ಕೈಕಟ್ಟಿ ನಿಂತೆ. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು ಸ್ಪ್ಯಾನರ್ ಎತ್ತಿದ.

"ಕಳ್ಳ ಅಂದಿದ್ದು?" ಎಂದ, ಬಾನೆಟ್ಟಿನೊಳಗೆ ತಲೆ ಹಾಕಿ.

"ವಾಪಸ್ ತಗೊಂಡೆ."

"ಬೋಗಿ ರಿಪೇರಿ ಅಂದಿದ್ದು?"

"ಅದೂ."

ಕೆಲಸ ಸಾಗಿತು. ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋದಿಂದ ಬರುವ ದೊಡ್ಡ ಕೊಳವೆಯನ್ನು ಬಿಚ್ಚಿದಾಗ ಅದರೊಳಗಿಂದ ಒಂದು ಲೋಟದಷ್ಟು ಎಣ್ಣೆ ಸುರಿಯಿತು. ಅವನು ಟರ್ಬೋದೊಳಗೆ ಎರಡು ಬೆರಳು ಹಾಕಿ, ಚಕ್ರವನ್ನು ಅಲುಗಿಸಿ, ತಿರುಗಿಸಿ, ಕಣ್ಣು ಮುಚ್ಚಿ ಸುಮ್ಮನೆ ನಿಂತ. ನಾನು ಅವನ ಮುಖವನ್ನೇ ನೋಡುತ್ತಿದ್ದೆ.

"ಏನು?"

"ಅಲುಗಾಟ ಇಲ್ಲ. ಗಟ್ಟಿ ಐತಿ. ಒಳಗ ಉಸಿರು ಕಟ್ಟಿದ್ದಕ್ಕ ಎಣ್ಣೆ ಕೆಳಗ ಇಳೀಲಿಕ್ಕೆ ಆಗದೆ ಈ ಕಡೆ ಬಂದು ಸುಟ್ಟೈತಿ, ಅಷ್ಟೇ. ಸೈಲೆನ್ಸರಿನಾಗೂ ಕುಂತೈತಿ. ಓಡಿಸಿ ಸುಡೂಣು, ವಾ."

ಒಸರುತ್ತಿದ್ದ ಕಡೆ ಹೊಸ ಸೀಲ್ ಹಾಕಿ, ಎಣ್ಣೆ ತುಂಬಿ, ಮಧ್ಯಾಹ್ನದ ಬಿಸಿಲಲ್ಲಿ ಮಾಧವರಂ ದಾಟಿ ಪುಳಲ್ ಕೆರೆಯ ಕಡೆಗೆ ಹೊರಟೆವು. ಮೊದಲು ಸೇತುವೆಯ ಮೇಲಿನಂತೆಯೇ ಹೊಗೆ. ಒಬ್ಬ ಲಾರಿಯವನು ಕೈ ಆಡಿಸಿ ಬೈದ. ನಾನು ತಿರುಗಿ ಬೈಯಲಿಲ್ಲ, ಕನ್ನಡಿಯಿಂದ ಕಣ್ಣು ತೆಗೆಯುವಂತಿರಲಿಲ್ಲ. ಐದು ಕಿಲೋಮೀಟರಿಗೆ ಲಾರಿಯ ಮುಖ ಕಂಡಿತು. ಹತ್ತಕ್ಕೆ ಅದರ ನಂಬರು ಓದಲು ಬಂತು. ಟೋಲ್ ಬರುವ ಹೊತ್ತಿಗೆ ಕನ್ನಡಿಯಲ್ಲಿ ರಸ್ತೆ, ಆಕಾಶ, ಕೆರೆಯ ಏರಿ ಎಲ್ಲ ಸ್ವಚ್ಛ. ಎಂಜಿನ್ನಿನ ಸದ್ದು ಹಳೆಯ ಮೆತ್ತನೆಯ ಸದ್ದೇ ಆಗಿತ್ತು.

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಏಳುಮಲೈ ನೀರಿನ ಬಾಟಲಿ ಚಾಚಿದ.

"ಅಣ್ಣಾ, ಮೂಚ್ಚುಗೆ ನಿಮ್ಮ ಕಡೆ ಏನಂತಾರ?"

"ಉಸಿರು."

"ಉಯಿರು?"

"ಉಸಿರೋ. ಸ, ಸ."

"ನಮ್ಮದರಾಗ ಉಯಿರ್ ಅಂದ್ರ ಜೀವ" ಎಂದು ಡ್ಯಾಶ್‌ಬೋರ್ಡ್ ತಟ್ಟಿದ. "ಎರಡೂ ಒಂದೇ ಇರಲಿ ಬಿಡು. ಇನ್ನ ಮ್ಯಾಲೆ ನಾ ಏನು ಹೇಳಿದರೂ ಮೊದಲು ಬಿಂದು ಕೇಳಲಿ. ಆಮೇಲೆ ನೀ."

ಗುರುವಾರ ತಪಾಸಣೆಯವನು ಆಕ್ಸಿಲರೇಟರನ್ನು ಒತ್ತಿಯೇ ಒತ್ತಿದ. ಹೊಗೆ ಅಳೆಯುವ ಯಂತ್ರದ ಕೊಳವೆಯನ್ನು ಸೈಲೆನ್ಸರಿಗೆ ಸಿಕ್ಕಿಸಿ, ಚೀಟಿ ಬರುವ ತನಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಚೀಟಿ ಓದಿ, ಪಾಸ್ ಎಂದು ಬರೆದು, ಒಳಚಾವಣಿಯ ಹೊಸ ಬಟ್ಟೆಯನ್ನೊಮ್ಮೆ ಮುಟ್ಟಿ ನೋಡಿ, "ನಲ್ಲಾ ವೆಚ್ಚಿರ್‌ಕೀಂಗ" ಎಂದ. ಚೆನ್ನಾಗಿ ಇಟ್ಟಿದ್ದೀರಿ ಎಂದು ಅರ್ಥ. ಇದನ್ನು ಮಾತ್ರ ನಾನು ಸರಿಯಾಗಿಯೇ ಕೇಳಿಸಿಕೊಂಡೆ.

ಮನೆಗೆ ಬಂದು ಹಾರ್ನ್ ಹೊಡೆದೆ. ರಾಯರು ಜಗಲಿಗೆ ಬಂದು, ನನ್ನ ಮುಖ ನೋಡಿ, ಹಿಂದಿನ ಬಾಗಿಲು ತೆಗೆದು ಕುಳಿತರು. "ಪಾರ್ಥಸಾರಥಿ ಕೋವಿಲಿಗೆ ವಿಡಪ್ಪಾ ವಂಡಿ" ಎಂದರು, ಗುಡಿಗೆ ಬಿಡು ಎಂದು.

ಗೇಟಿಗೆ ಅಡ್ಡವಾಗಿ ಯಾವನೋ ಬೈಕು ನಿಲ್ಲಿಸಿದ್ದ. ನಾನು ಗಾಜು ಇಳಿಸಿ, ತಲೆ ಹೊರಗೆ ಹಾಕಿ, ಅವನ ಹೆತ್ತವರಿಂದ ಶುರು ಮಾಡುವವನಿದ್ದೆ. ಔಟ್‌ಹೌಸಿನ ಬಾಗಿಲಿಂದ ಜಗದೇವಿ ಕೂಗಿದಳು:

"ರೀ! ಬಾಯಿ ಮುಚ್ಚಿ, ಮೂಚ್ಚು ಬಿಡ್ರಿ!"

ರಾಯರು ಹಿಂದಿನ ಸೀಟಿನಲ್ಲಿ ನಕ್ಕರು. ನಾನು ಬಾಯಿ ಮುಚ್ಚಿ, ಉದ್ದಕ್ಕೆ ಒಂದು ಉಸಿರು ಬಿಟ್ಟು, ಕೆಳಗಿಳಿದು ಬೈಕನ್ನು ನಾನೇ ಸರಿಸಿ ನಿಲ್ಲಿಸಿದೆ.